ಊರು ನಂಬಿದ ಸಂಶೋಧನೆ

ನೀವು ಏನು ಕೆಲಸ ಮಾಡುತ್ತೀರಿ ಎಂದು ರೈಲಿನಲ್ಲಿ ಯಾರಾದರೂ ಕೇಳಿದರೆ ನಾನು ಬಹಳ ವರ್ಷ 'ಮಾಸ್ತರಿಕೆ' ಎಂದು ಹೇಳಿ ಕಿಟಕಿಯ ಕಡೆ ತಿರುಗಿಬಿಡುತ್ತಿದ್ದೆ. ಖರೆ ಹೇಳಿದರೆ ಆಗುವ ಫಜೀತಿ ನನಗೆ ಗೊತ್ತಿತ್ತು. ಕ್ಯಾನ್ಸರ್ ಎಂದ ಕೂಡಲೇ ಎದುರಿಗೆ ಕೂತವರು ತಮ್ಮ ಬೀಗರ ಹೊಟ್ಟೆನೋವಿಗೆ ಔಷಧ ಕೇಳುತ್ತಿದ್ದರು. ನಾನು ಅಂಥ ಡಾಕ್ಟರಲ್ಲ, ಜೀವಕೋಶ ನೋಡುವವಳು ಅಂದರೆ 'ನೋಡಿ ಏನ ಮಾಡ್ತೀರಿ?' ಎಂಬ ಪ್ರಶ್ನೆ. ಅವು ಹೇಗೆ ಸಾಯುತ್ತವೆ ಅಂತ ನೋಡುತ್ತೇನೆ ಅಂದರೆ, ತಮ್ಮ ಬುತ್ತಿಯ ಗಂಟನ್ನು ನನ್ನಿಂದ ಸ್ವಲ್ಪ ದೂರ ಸರಿಸಿಕೊಳ್ಳುತ್ತಿದ್ದರು.

ಇಲ್ಲಿ ಒಂದೇ ಸಲ ಹೇಳಿ ಮುಗಿಸುತ್ತೇನೆ. ನಮ್ಮ ಮೈಯ ಜೀವಕೋಶಗಳಿಗೆ ಒಂದು ವಿದ್ಯೆ ಗೊತ್ತಿದೆ. ಹೊರಗಿನಿಂದ ಆಹಾರ ಬರದಿದ್ದಾಗ ಜೀವಕೋಶ ತನ್ನೊಳಗಿನ ಹಳೆಯ, ಮುರಿದ ಭಾಗಗಳನ್ನು ಸಣ್ಣ ಚೀಲಗಳಲ್ಲಿ ಸುತ್ತಿ, ಕರಗಿಸಿ, ಅದರಿಂದಲೇ ದಿನ ನೂಕುತ್ತದೆ. ಮಳೆಗಾಲದಲ್ಲಿ ಕಟ್ಟಿಗೆ ಮುಗಿದಾಗ ಮುರಿದ ಹೊರಸಿನ ಕಾಲನ್ನು ಒಲೆಗೆ ಹಾಕುವ ಹಾಗೆ. ಇದಕ್ಕೆ ಆಟೊಫಜಿ ಎನ್ನುತ್ತಾರೆ, ತನ್ನನ್ನು ತಾನು ತಿನ್ನುವುದು ಎಂದು ಅರ್ಥ. ಹೊರಸು ಮುಗಿದ ಮೇಲೂ ಹಸಿವು ನಿಲ್ಲದಿದ್ದರೆ ಬಾಗಿಲು, ತೊಲೆ ಎಲ್ಲವನ್ನೂ ಸುಟ್ಟುಕೊಂಡು ಸತ್ತೂ ಹೋಗಬಹುದು. ಕ್ಯಾನ್ಸರಿನ ಜೀವಕೋಶಕ್ಕೆ ಹಸಿವು ಹಾಕಿದರೆ ಅದು ತನ್ನನ್ನು ತಿಂದು ಸಾಯುತ್ತದೆಯೋ, ತನ್ನನ್ನು ತಿಂದು ಬದುಕುತ್ತದೆಯೋ? ಇದು ನನ್ನ ಪ್ರಶ್ನೆ. ಎಂಬತ್ತರ ದಶಕದಲ್ಲಿ ಈ ಪ್ರಶ್ನೆಯನ್ನು ಹಿಡಿದು ಕೂತವಳು ಕೂದಲು ಬೆಳ್ಳಗಾದರೂ ಎದ್ದಿಲ್ಲ.

ಮುಂಬಯಿಯ ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಬೇರೊಂದು ಸಾವಿನ ಬೆನ್ನು ಹತ್ತಿದ್ದರು. ಜೀವಕೋಶ ತಾನೇ ಮುದುಡಿ, ತುಂಡು ತುಂಡಾಗಿ, ನೆರೆಹೊರೆಗೆ ತೊಂದರೆ ಕೊಡದೆ ಸಾಯುವ ಅಪೊಪ್ಟೋಸಿಸ್ ಎಂಬ ಸಾವು. ಅದು ಅಚ್ಚುಕಟ್ಟಾದ ಸಾವು, ದೊಡ್ಡವರ ಮನೆಯ ಸಾವು. ಅದರ ಮೇಲೆ ಬರೆದರೆ ಕೂಡಲೇ ಅಚ್ಚಾಗುತ್ತಿತ್ತು. ನನ್ನ ಮಾರ್ಗದರ್ಶಕರು ನನ್ನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳನ್ನು ಮೂಗಿನ ತುದಿಯಿಂದ ನೋಡಿ, ಇದು ಜೀವಕೋಶದ ತಿಪ್ಪೆ, ತಿಪ್ಪೆ ಎಣಿಸಿದರೆ ಏನು ಸಿಕ್ಕೀತು ಎಂದಿದ್ದರು. ವಿಚಾರಗೋಷ್ಠಿಗಳಲ್ಲಿ ನನ್ನ ಸರದಿ ಸರಿಯಾಗಿ ಊಟದ ಹೊತ್ತಿಗೇ ಬರುತ್ತಿತ್ತು. ಹಸಿವಿನ ಬಗ್ಗೆ ಮಾತಾಡಲು ಅದೇ ಪ್ರಶಸ್ತ ಸಮಯ ಎಂದು ಅವರು ತಿಳಿದಿದ್ದರೋ ಏನೋ.

ಹೀಗೆ ಮುಂಬಯಿಯಲ್ಲಿ ನನ್ನ ಸಂಶೋಧನೆಯನ್ನು ಯಾರೂ ನಂಬಲಿಲ್ಲ. ಊರಲ್ಲಿ ಎಲ್ಲರೂ ನಂಬಿಬಿಟ್ಟರು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ನನ್ನನ್ನು ಕೇಳಬೇಕು.

ನಮ್ಮ ಊರು ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ದಾರಿಯಲ್ಲಿದೆ. ಕರಿಮಣ್ಣಿನ ಹೊಲ, ಹೊಲದಲ್ಲಿ ತಂಬಾಕು, ಹೊಲ ಇಲ್ಲದವರಿಗೆ ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ವಖಾರಗಳಲ್ಲಿ ಕೂಲಿ. ನಮ್ಮ ಅಪ್ಪನ ಅಕ್ಕ ಅಂಥ ಒಂದು ವಖಾರದಲ್ಲಿ ಎಲೆ ಬಿಡಿಸುತ್ತಿದ್ದಳು. ಅಪ್ಪನ ಅಕ್ಕನನ್ನು ಬೇರೆ ಕಡೆ ಅತ್ತೆ ಅನ್ನುತ್ತಾರೆ. ಗಡಿಯವರಾದ ನಾವು ಮರಾಠಿಯಿಂದ ತಂದು ಆತ್ಯಾ ಅನ್ನುತ್ತಿದ್ದೆವು. ಮದುವೆಯಾಗಿ ಅಥಣಿಯ ಆಚೆ ತೆಲಸಂಗದ ಕಡೆ ಹೋದವಳು ಕೆಲವೇ ವರ್ಷಗಳಲ್ಲಿ ತವರಿಗೆ ತಿರುಗಿ ಬಂದಿದ್ದಳು. ಯಾಕೆ ಬಂದಳೆಂದು ನಮ್ಮ ಮನೆಯಲ್ಲಿ ಯಾರೂ ಮಾತೆತ್ತುತ್ತಿರಲಿಲ್ಲ. ಗಟ್ಟಿ ದನಿ, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಹಟ.

ಆತ್ಯಾಳಿಗೆ ಮಶೇರಿ ಬೇಕು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಒಳಕಲ್ಲಿಗೆ ಹಾಕಿ ಪುಡಿ ಮಾಡಿ, ತೋರುಬೆರಳಿನಿಂದ ಹಲ್ಲಿಗೂ ಒಸಡಿಗೂ ತಿಕ್ಕುವ ಆ ಪುಡಿಯನ್ನು ನಮ್ಮ ಕಡೆಯ ಹೆಂಗಸರು ಹಲ್ಲುಪುಡಿ ಎಂದು ಹೇಳುತ್ತಾರೆ. ಹಲ್ಲು ತಿಕ್ಕಲು ದಿನಕ್ಕೆ ಒಂದು ಸಲ ಸಾಕಲ್ಲವೇ? ಇವರಿಗೆ ಮುಂಜಾನೆ ಒಮ್ಮೆ, ನ್ಯಾರಿಯ ತಿಂಡಿಯಾದ ಮೇಲೆ ಒಮ್ಮೆ, ವಖಾರದಲ್ಲಿ ಬೇಸರವಾದಾಗ ಒಮ್ಮೆ, ಜಗಳವಾಡಿ ದಣಿದಾಗ ಒಮ್ಮೆ. ಮಶೇರಿ ಹುರಿಯುವ ದಿನ ಓಣಿಯೆಲ್ಲ ಸೀನುತ್ತಿತ್ತು. ಹುಡುಗಿಯಾಗಿದ್ದಾಗ ನನಗೂ ಅದು ಮನೆಯ ವಾಸನೆಯೇ ಆಗಿತ್ತು. ಬಾಯಿಯ ಕ್ಯಾನ್ಸರ್ ಏನೆಂದು ಓದಿದ ಮೇಲೆ ಆ ವಾಸನೆ ಬಂದರೆ ನನ್ನ ತಲೆ ಕೆಡುತ್ತಿತ್ತು.

ನನ್ನ ಸಂಶೋಧನೆಗೆ ಬೇಕಾದ ಮಾಂಸದ ತುಣುಕುಗಳು ಸಿಗುತ್ತಿದ್ದದ್ದು ಇಂಥ ಹೆಂಗಸರಿಂದಲೇ. ನಿಪ್ಪಾಣಿ, ರಾಯಬಾಗ, ಕಾಗವಾಡದ ಕಡೆಯವರು ಬಾಯಿಹುಣ್ಣು ಕೈಮೀರಿದಾಗ ಮೀರಜಿನ ದೊಡ್ಡ ಆಸ್ಪತ್ರೆಗೆ ಹೋಗುತ್ತಿದ್ದರು. ಅಲ್ಲಿನ ಒಬ್ಬ ಸರ್ಜನ್ ನನಗೆ ಸಹಾಯ ಮಾಡಲು ಒಪ್ಪಿದ್ದರು. ಆಪರೇಷನ್ ಕೋಣೆಯ ಹೊರಗೆ ನಾನು ಸಣ್ಣ ಶೀಶೆ, ಬ್ಲೇಡು ಹಿಡಿದು ನಿಂತಿರುತ್ತಿದ್ದೆ. ರೋಗಿಯ ಒಪ್ಪಿಗೆ ಇದ್ದರೆ, ತೆಗೆದ ಗಡ್ಡೆಯ ಒಂದು ಚೂರು ಹೊರಗೆ ಬರುತ್ತಿತ್ತು. ಅದನ್ನು ಕೂಡಲೇ ಮೂಗುಬೊಟ್ಟಿಗಿಂತ ಸಣ್ಣದಾಗಿ ಕತ್ತರಿಸಿ ದ್ರಾವಣದಲ್ಲಿ ಮುಳುಗಿಸಬೇಕು. ತಡವಾದರೆ ಕತ್ತರಿಸಿದ ಮಾಂಸ ತಾನಾಗಿ ಕೊಳೆಯತೊಡಗುತ್ತದೆ. ಆಮೇಲೆ ರೋಗ ಮಾಡಿದ್ದು ಯಾವುದು, ತಡ ಮಾಡಿದ್ದು ಯಾವುದು ಎಂದು ತಿಳಿಯುವುದಿಲ್ಲ. ಶೀಶೆಗಳನ್ನು ಬರ್ಫ ತುಂಬಿದ ಥರ್ಮಾಸಿನಲ್ಲಿಟ್ಟು ಮುಂಬಯಿಯ ರೈಲು ಹತ್ತುತ್ತಿದ್ದೆ. 'ಅಕ್ಕಾರ, ಒಂದ ಗುಟುಕ ಚಾ ಇದ್ರ ಕೊಡ್ರಿ' ಎಂದು ಕೇಳದ ಸಹಪ್ರಯಾಣಿಕರೇ ಇರಲಿಲ್ಲ. ಕೊಡದಿದ್ದರೆ ಜಿಪುಣಿ, ಕೊಟ್ಟರೆ ಕೊಲೆಗಾತಿ.

ಇಂಥ ಶೀಶೆಗಳನ್ನು ಹೊತ್ತು ತಿರುಗುವವಳ ಮನೆಯಲ್ಲೇ ಮಶೇರಿ ಡಬ್ಬಿ. ಊರಿಗೆ ಹೋದಾಗಲೆಲ್ಲ ಆತ್ಯಾಳನ್ನು ಕಟ್ಟೆಯ ಮೇಲೆ ಕೂಡಿಸಿ, ಬ್ಯಾಟರಿ ಹಿಡಿದು ಬಾಯಿ ನೋಡುತ್ತಿದ್ದೆ. ಕೆಳಗಿನ ಒಸಡಿನ ಹೊರಬದಿಗೆ, ಸರಿಯಾಗಿ ಬೆರಳು ಆಡುವ ಜಾಗದಲ್ಲಿ, ಸುಣ್ಣ ಬಳಿದಂಥ ಬಿಳಿ ಕಲೆ.

"ಆತ್ಯಾ, ಇದನ್ನ ಬಿಡ ಬೇ. ಇಲ್ಲೇ ಹುಣ್ಣ ಆಗತೈತಿ ನೋಡ."

"ಮುಂಬೈದಾಗ ನಿನಗ ಇದನ್ನ ಕಲಿಸ್ಯಾರೇನು, ಕಂಡಾವರ ಬಾಯಾಗ ಬ್ಯಾಟರಿ ಹಿಡಿಯೂದು? ನಮ್ಮವ್ವ ಸಾಯೂ ತನಕ ಹಚ್ಚಿದ್ಲು. ಹಲ್ಲ ಹ್ಯಾಂಗ ಇದ್ದೂವು, ಕಬ್ಬ ಸಿಗಿತಿದ್ಲು."

"ಅಕಿ ಎದರಿಂದ ಸತ್ಲು?"

"ಗಂಟಲಾಗ ಏನೋ ಆಗಿತ್ತು."

ಇಷ್ಟು ಹೇಳಿ ಆತ್ಯಾ ನನ್ನ ಮುಖವನ್ನೇ ನೋಡಿಕೊಂಡು ಬೆರಳಿಗೆ ಮಶೇರಿ ಹಚ್ಚಿಕೊಂಡಳು. ಕೋಣನ ಮುಂದೆ ಕಿನ್ನರಿ ಬಾರಿಸುವುದು ಸುಲಭ, ಕೋಣ ತಿರುಗಿ ವಾದ ಮಾಡುವುದಿಲ್ಲ.

ತೊಂಬತ್ತರ ದಶಕದ ಮೊದಲಿಗೆ ನನಗೆ ಡಾಕ್ಟರೇಟ್ ಬಂತು. ನನ್ನ ಲೇಖನವೊಂದು ಪರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಅದು ಹೇಗೋ ಊರಿಗೆ ಗೊತ್ತಾಗಿ, ಶಾಲೆಯ ಅಂಗಳದಲ್ಲಿ ಸತ್ಕಾರ ಇಟ್ಟುಕೊಂಡರು. ಬೇಡವೆಂದರೆ ಸೊಕ್ಕು ಅನ್ನುತ್ತಾರೆ, ಹೋದೆ. ಗಂಡಸರಿಗೆ ಕಟ್ಟುವ ಫೇಟಾ ತಂದಿಟ್ಟಿದ್ದರು. ಡಾಕ್ಟರೇಟಿಗೆ ಫೇಟಾ ಆಗಬೇಕೆಂದು ಅದನ್ನೇ ನನ್ನ ತಲೆಗೆ ಇಟ್ಟರು. ಅದು ಜಾರಿ ಜಾರಿ ಕಣ್ಣಿಗೆ ಬರುತ್ತಿತ್ತು. ಕಾರ್ಯಕ್ರಮದ ಅಧ್ಯಕ್ಷರು ನನಗೆ ವಿಜ್ಞಾನ ಕಲಿಸಿದ ಹೆಡ್ ಮಾಸ್ತರರು, ನಿವೃತ್ತರಾಗಿ ತಮ್ಮ ಊರು ಶೇಡಬಾಳದಲ್ಲಿ ಇದ್ದವರು. ಜೈನ ಮನೆತನದ ಶಿಸ್ತಿನ ಮನುಷ್ಯ, ಸುಳ್ಳು ಹೇಳಿದವರಲ್ಲ, ಯಾರ ಮನೆಯ ಚಹಾಕ್ಕೂ ಆಸೆಪಟ್ಟವರಲ್ಲ. ಇದನ್ನು ಮೊದಲೇ ಹೇಳುತ್ತೇನೆ. ಯಾಕೆಂದರೆ ಕೆಟ್ಟ ಮನುಷ್ಯನ ಮೇಲೆ ಸಿಟ್ಟು ಮಾಡುವುದು ಸುಲಭ. ಇವರ ಮೇಲೆ ಸಿಟ್ಟು ಮಾಡಿ ಮಾಡಿ ನಾನೇ ಸುಸ್ತಾದೆ.

ನಿನ್ನ ಸಂಶೋಧನೆ ಏನೆಂದು ಸರಳವಾಗಿ ಹೇಳು ಎಂದರು. ಹೇಳಿದೆ. ಹಸಿದ ಜೀವಕೋಶ ತನ್ನೊಳಗಿನ ಕಸವನ್ನು ತಾನೇ ತಿಂದು ಚೊಕ್ಕಟವಾಗುತ್ತದೆ ಎಂದೆ. ಕ್ಯಾನ್ಸರಿನ ಜೀವಕೋಶವೂ ಈ ಯುಕ್ತಿಯನ್ನು ಕಲಿತಿದೆ, ಹಸಿವಿನಲ್ಲಿ ಅದು ಒಳ್ಳೆಯ ಜೀವಕೋಶಗಳಿಗಿಂತ ಗಟ್ಟಿಯಾಗಿ ಉಳಿಯುವಂತೆ ಕಾಣುತ್ತದೆ, ಅದೇ ನಮ್ಮ ತಲೆಬಿಸಿ ಎಂದೂ ಹೇಳಿದೆ. ಇವತ್ತಿಗೂ ಹೇಳುತ್ತೇನೆ, ಎರಡನ್ನೂ ಹೇಳಿದೆ, ಎರಡನ್ನೂ ಒಂದೇ ದನಿಯಲ್ಲಿ ಹೇಳಿದೆ.

ಹೆಡ್ ಮಾಸ್ತರರು ಎದ್ದು ಸಮಾರೋಪ ಮಾಡಿದರು. "ನೋಡ್ರಿ, ನಮ್ಮ ಹಿರ್ಯಾರು ಉಪವಾಸ ಮಾಡ್ರಿ, ಉಪವಾಸ ಮಾಡ್ರಿ ಅಂತ ಯಾಕ ಹೇಳತಿದ್ರು? ಒಳಗಿನ ಹೊಲಸ ಸುಟ್ಟ ಹೋಗಲಿ ಅಂತ. ಅವರಿಗೆ ಮಷೀನ ಇರಲಿಲ್ಲ, ಜ್ಞಾನ ಇತ್ತು. ಇವತ್ತ ನಮ್ಮ ಊರ ಮಗಳು ಮುಂಬೈದಾಗ ಮಷೀನ ಹಚ್ಚಿ ಅದನ್ನ ಸಿದ್ಧ ಮಾಡಿ ತೋರಿಸ್ಯಾಳ. ಕ್ಯಾನ್ಸರ್ ಆಗಲಿ ಏನ ಆಗಲಿ, ಉಪವಾಸಕ್ಕಿಂತ ದೊಡ್ಡ ಔಷಧ ಇಲ್ಲ!"

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟಿ ಅಂದರಂತೆ. ಚಪ್ಪಾಳೆ ಮುಗಿಲು ಮುಟ್ಟಿತು. ನಾನು ಫೇಟಾ ಎತ್ತಿ ಹಿಡಿದುಕೊಂಡು ಎದ್ದೆ. "ಸರ್, ನಾ ಹಂಗ ಹೇಳಿಲ್ಲ. ರೋಗ ಇದ್ದವರು ಉಪವಾಸ ಮಾಡಬಾರದು" ಎಂದೆ. ಮಾಸ್ತರರು ಅಭಿಮಾನದಿಂದ ನನ್ನ ಬೆನ್ನು ಚಪ್ಪರಿಸಿ, "ಎಷ್ಟ ವಿನಯ ನೋಡ್ರಿ! ತಾ ಮಾಡಿದ್ದನ್ನ ತಾ ಹೇಳಿಕೊಳ್ಳೂದಿಲ್ಲ" ಎಂದರು. ಮತ್ತೆ ಚಪ್ಪಾಳೆ. ನಾನು ಇನ್ನೊಮ್ಮೆ ಇಲ್ಲ ಎಂದೆ. ಚಪ್ಪಾಳೆ ಇನ್ನೂ ಜೋರಾಯಿತು. ವಂದನಾರ್ಪಣೆ ಶುರುವಾಯಿತು, ಯಾರೋ ನನ್ನ ಉಡಿಯಲ್ಲಿ ತೆಂಗಿನಕಾಯಿ ಹಾಕಿದರು. ಉಡಿ ತುಂಬಿಸಿಕೊಂಡು ವಾದ ಮಾಡುವುದು ಹೇಗೆ? ಮುಂದಿನ ಸಾಲಿನಲ್ಲಿ ಆತ್ಯಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮುಂದಿನ ದೀಪಾವಳಿಗೆ ಊರಿಗೆ ಬಂದಾಗ ಬಾಗಿಲು ತೆಗೆದವಳು ಆತ್ಯಾ ಎಂದು ಒಂದು ಕ್ಷಣ ಗೊತ್ತಾಗಲಿಲ್ಲ. ಗಲ್ಲದ ಎಲುಬು ಎದ್ದಿತ್ತು, ಕುಬಸ ತೋಳಲ್ಲಿ ಜೋತಾಡುತ್ತಿತ್ತು. ಕಟ್ಟೆಯ ಮೇಲೆ ಕೂಡಿಸಿ ಬಾಯಿ ತೆರೆಸಿದೆ. ಬಿಳಿ ಕಲೆ ಇದ್ದಲ್ಲಿ ಅಂಚು ದಪ್ಪಗಾದ ಹುಣ್ಣು. ಮುಟ್ಟಿದರೆ ಗಟ್ಟಿ. ಇಂಥ ಎಷ್ಟೋ ಹುಣ್ಣುಗಳ ಚೂರು ಕತ್ತರಿಸಿದವಳಿಗೆ ಇದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಯಾವಾಗಿಂದ?"

"ನಾಗರ ಪಂಚಮಿ ಹಿಂದ ಮುಂದ."

"ಯಾರಿಗೂ ಯಾಕ ತೋರಿಸಿಲ್ಲ?"

"ಔಷಧ ಮಾಡಾಕತ್ತೇನಲ್ಲ. ಒಂದ ದಿನ ಬಿಟ್ಟ ಒಂದ ದಿನ ಉಪವಾಸ."

ನಾನು ಬ್ಯಾಟರಿ ಆರಿಸಿದೆ. ಆತ್ಯಾ ನನ್ನನ್ನು ಸಮಾಧಾನಪಡಿಸುವವಳ ಹಾಗೆ ಹೇಳಿದಳು, "ನೀನ ಹೇಳಿದ್ಯಲ್ಲ ಬೇ. ಹಸದ್ರ ಒಳಗಿನ ಹೊಲಸ ತಾನ ತಿಂತೈತಿ ಅಂತ. ಈಗ ಸ್ವಲ್ಪ ನೋವ ಕಡಿಮಿ ಐತಿ."

"ಮಶೇರಿ?"

"ಅದನ್ನ ಹ್ಯಾಂಗ ಬಿಡಲಿ? ಉಪವಾಸದ ದಿನ ಅದ ಆಸರ. ಎರಡ ಸಲ ಹೆಚ್ಚಿಗಿ ಹಚ್ಚಿದ್ರ ಹಸಿವು ಗೊತ್ತಾಗೂದಿಲ್ಲ."

"ಉಪವಾಸದಾಗ ಮಶೇರಿ ನಡೀತೈತಿ?"

"ಮಶೇರಿ ಏನ ಊಟಾನ? ಉಗುಳತೀವಲ್ಲ!"

ನಮ್ಮ ಕಡೆ ಉಪವಾಸ ಹೀಗೇ. ಸಾಬೂದಾಣಿ ನಡೆಯುತ್ತದೆ, ಶೇಂಗಾ ನಡೆಯುತ್ತದೆ, ಚಹಾ ನಡೆಯುತ್ತದೆ, ಮಶೇರಿಯಂತೂ ಉಗುಳುವ ವಸ್ತು. ಆತ್ಯಾ ಮಾತ್ರ ಸಾಬೂದಾಣಿಯನ್ನೂ ಬಿಟ್ಟಿದ್ದಳು. ರೋಗ ತಂದದ್ದನ್ನು ಉಳಿಸಿಕೊಂಡು, ರೋಗದ ವಿರುದ್ಧ ನಿಲ್ಲಲು ಬೇಕಾದ ಅನ್ನವನ್ನು ಬಿಟ್ಟಿದ್ದಳು, ಅದೂ ನನ್ನ ಹೆಸರಿನಲ್ಲಿ! ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ನಾಳೆಯೇ ಮೀರಜಿಗೆ ಹೋಗೋಣ, ಗಡ್ಡೆ ಕತ್ತರಿಸಿ ತೆಗೆದರೆ ಬದುಕುತ್ತೀ ಎಂದೆ. ಆತ್ಯಾ ಒಪ್ಪಲಿಲ್ಲ. ಕತ್ತರಿಸಿದರೆ ಹಬ್ಬುತ್ತದಂತೆ, ವಖಾರದಲ್ಲಿ ಎಲ್ಲರಿಗೂ ಗೊತ್ತಂತೆ. ಅಪ್ಪನನ್ನು ಕರೆದು ಹೇಳಿದೆ. ಅವನು ಇಬ್ಬರ ಮುಖವನ್ನೂ ನೋಡಿ, "ನೀ ಹೇಳೂದೂ ಖರೇ ಐತಿ, ಅಕಿ ಮಾಡೂದೂ ಖರೇ ಐತಿ" ಎಂದು ಹೊಲಕ್ಕೆ ಹೋದ. ನಮ್ಮ ಅಪ್ಪ ಆಯುಷ್ಯವಿಡೀ ಯಾವ ಜಗಳದಲ್ಲೂ ಸೋತವನಲ್ಲ, ಹೀಗೇ.

ಆಗ ನನಗೆ ಹೊಳೆದದ್ದು, ಹೆಡ್ ಮಾಸ್ತರರು ಕಟ್ಟಿದ ಗಂಟನ್ನು ಅವರೇ ಬಿಚ್ಚಲಿ ಎಂದು. ಬಸ್ಸು ಹಿಡಿದು ರಾಯಬಾಗಕ್ಕೆ, ಅಲ್ಲಿಂದ ರೈಲಿನಲ್ಲಿ ಶೇಡಬಾಳಕ್ಕೆ ಹೋದೆ. ಮಾಸ್ತರರು ಸಂತೋಷದಿಂದ ಬರಮಾಡಿಕೊಂಡರು. ಹೊತ್ತು ಮುಳುಗುವ ಮೊದಲೇ ಊಟಕ್ಕೆ ಕೂಡಿಸಿದರು. ನಾನು ಎಲ್ಲವನ್ನೂ ಹೇಳಿದೆ. ಅವರು ಉಣ್ಣುವುದನ್ನು ನಿಲ್ಲಿಸಿ ಕೇಳಿದರು. ಮಶೇರಿಯ ಮಾತು ಬಂದಾಗ ಅವರ ಮುಖ ಕೆಂಪಾಯಿತು.

"ಉಪವಾಸದಾಗ ತಂಬಾಕಾ? ಎಂಥಾ ಅನ್ಯಾಯ! ನಾ ನಾಳೆ ಬರತೀನಿ, ಅಕಿಗೆ ಹೇಳತೀನಿ."

ನಾನು ಗೆದ್ದೆ ಎಂದುಕೊಂಡು ಅವರ ಮನೆಯ ಹೋಳಿಗೆಯನ್ನು ಇನ್ನೊಂದು ಹಾಕಿಸಿಕೊಂಡು ತಿಂದೆ.

ಮಾತಿಗೆ ತಪ್ಪದೆ ಮರುದಿನ ಬಂದರು. ಆತ್ಯಾ ಸೆರಗು ಹೊದ್ದು ಗೋಡೆಗೆ ಆತು ನಿಂತಳು. ಮಾಸ್ತರರು ನಮ್ಮ ಪಡಸಾಲೆಯಲ್ಲಿ ಕೂತು, ಉಪವಾಸ ಎಂದರೇನು ಎಂದು ಪಾಠ ಶುರು ಮಾಡಿದರು. ಬಾಯಿ ಮೈಲಿಗೆ ಮಾಡಿಕೊಂಡು ಮಾಡುವುದು ಉಪವಾಸವಲ್ಲ, ಸೋಗು. ಮಾಡಿದರೆ ನೇಮದಿಂದ ಮಾಡಬೇಕು, ತಂಬಾಕು ಮುಟ್ಟಬಾರದು, ಅವರ ತಾಯಿ ಪರ್ವದ ದಿನ ನೀರನ್ನೂ ಮುಟ್ಟುತ್ತಿರಲಿಲ್ಲ. ನಾನು ಪಕ್ಕದಿಂದ, "ಸರ್, ಮೀರಜ, ಮೀರಜ" ಎಂದು ಪಿಸುಗುಡುತ್ತಿದ್ದೆ. "ಹಾಂ, ಮೀರಜಿಗೂ ತೋರಿಸಿಕೊಂಡ ಬರ್ರಿ" ಎಂದು ಪಾಠದ ಕೊನೆಗೆ ಚಟ್ನಿಯ ಹಾಗೆ ಸೇರಿಸಿದರು.

ಆ ಸಂಜೆ ಆತ್ಯಾ ಮಶೇರಿಯನ್ನು ತಿಪ್ಪೆಗೆ ಸುರಿದು ಬಂದಳು. ಇಷ್ಟು ವರ್ಷ ನಾನು ಬ್ಯಾಟರಿ ಹಿಡಿದು, ಅತ್ತು, ಬೈದು ಬಿಡಿಸಲಾಗದ್ದನ್ನು ಮಾಸ್ತರರು ಒಂದೇ ಮಾತಿನಲ್ಲಿ ಬಿಡಿಸಿದ್ದರು. ನನಗೆ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು. ಮರುದಿನ ಮುಂಜಾನೆ ಗಂಜಿ ಮಾಡಿಕೊಂಡು ಹೋದರೆ ಬೇಡವೆಂದಳು. ನೀರು ಕೊಟ್ಟರೆ ಅದೂ ಬೇಡವೆಂದಳು. ಇಲ್ಲಿಯವರೆಗೆ ಮಾಡಿದ್ದು ಸೋಗಾಯಿತು, ಅದಕ್ಕೇ ಹುಣ್ಣು ಮಾಯಲಿಲ್ಲ. ಇನ್ನು ಮೇಲೆ ನೇಮದ ಉಪವಾಸ, ನೀರೂ ಇಲ್ಲ.

ನಾನು ಗಂಜಿಯ ಬಟ್ಟಲನ್ನು ನೆಲಕ್ಕೆ ಕುಕ್ಕಿದೆ. "ನೀವೆಲ್ಲಾ ಕೂಡಿ ನನ್ನ ಹುಚ್ಚ ಹಿಡಿಸ್ತೀರಿ!" ಎಂದು ಕೂಗಿದೆ. ಓಣಿಯವರು ಇಣುಕಿದರು. ಸಂಶೋಧನೆ ಮಾಡಿದವರಿಗೆ ತಲೆ ಸ್ವಲ್ಪ ಬಿಸಿ ಇರುತ್ತದೆ ಎಂದು ಪಕ್ಕದ ಮನೆಯವಳು ತನ್ನ ಸೊಸೆಗೆ ಹೇಳಿದ್ದು ನನಗೆ ಕೇಳಿಸಿತು.

ಮಾತಿನಿಂದ ಆಗುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಮಾತು ಆಡಿಯೇ ಇಲ್ಲಿಗೆ ಬಂದಿತ್ತು. ಚೀಲದಲ್ಲಿ ನನ್ನ ಮುಂದಿನ ಲೇಖನಕ್ಕೆಂದು ತೆಗೆಸಿದ, ಪ್ರಯೋಗಾಲಯದಲ್ಲಿ ಬೆಳೆಸಿ ಹಸಿವು ಹಾಕಿದ ಜೀವಕೋಶಗಳ ಚಿತ್ರಗಳಿದ್ದವು. ಮರುದಿನ ಉಪವಾಸವಿಲ್ಲದ ದಿನ. ಆತ್ಯಾ ಎರಡು ಗುಟುಕು ಗಂಜಿ ಕುಡಿದು ಅಂಗಳದ ಬಿಸಿಲಿಗೆ ಕೂತಾಗ ಚಿತ್ರಗಳನ್ನು ಅವಳ ತೊಡೆಯ ಮೇಲೆ ಹರಡಿದೆ.

"ಇದು ಛಲೋ ಜೀವಕೋಶ. ಇದಕ್ಕ ಊಟ ಬಂದ್ ಮಾಡಿದ್ದೆ. ಸತ್ತೈತಿ ನೋಡ."

ಆತ್ಯಾ ಬೆರಳಿಟ್ಟು ನೋಡಿದಳು. ಹರಿದ ಅಂಚು, ಚೆಲ್ಲಾಪಿಲ್ಲಿಯಾದ ಒಳಗು. ಓದು ಬರದವಳಿಗೂ ಹೆಣ ಗುರುತಾಗುತ್ತದೆ.

"ಇದು ಕ್ಯಾನ್ಸರಿಂದು. ಅಷ್ಟ ದಿನಾನ ಇದಕ್ಕೂ ಊಟ ಬಂದ್ ಮಾಡಿದ್ದೆ."

"ಇದು ಸತ್ತಿಲ್ಲೇನು?"

"ಇಲ್ಲ. ಈ ದುಂಡಗಿನ ಚೀಲ ಕಾಣತಾವಲ್ಲ, ಇವುದ್ರಾಗ ತನ್ನ ಮೈಯಾಗಿಂದ ತಾನ ಸುತ್ತಿ ಇಟ್ಟಕೊಂಡ ತಿಂದೈತಿ. ಮತ್ತ ಊಟ ಹಾಕಿದ್ರ ಮತ್ತ ಬೆಳೀತೈತಿ."

ಆತ್ಯಾ ಆ ಚಿತ್ರವನ್ನು ಕೈಗೆತ್ತಿಕೊಂಡಳು. ಬಹಳ ಹೊತ್ತು ನೋಡಿದಳು. ನಾನು ಇನ್ನೊಂದು ಪಾಠಕ್ಕೆ ಬಾಯಿ ತೆರೆದಿದ್ದೆ, ಅವಳು ಕೈ ಅಡ್ಡ ಹಿಡಿದಳು.

"ಹಿಂಗಂತ ಮೊದಲ ಯಾಕ ಹೇಳಲಿಲ್ಲ? ಇಂಥಾವ್ನ ಹಸಿವಿಲೆ ಕೊಲ್ಲಾಕ ಬರೂದಿಲ್ಲ ಬೇ. ತೆಲಸಂಗದಾಗ ನನ್ನ ಅತ್ತಿ ನನ್ನ ಹಂಗ ಕೊಲ್ಲಾಕ ನೋಡಿದ್ಲು. ರೊಟ್ಟಿ ಎಣಿಸಿ ಬೀಗಾ ಹಾಕತಿದ್ಲು. ದನದ ಮುಂದಿನ ಹಿಂಡಿ ತಿಂದು ಬದಕೇನಿ ನಾ. ಕೊಲ್ಲೂದಿದ್ರ ಕಡದ ಕೊಲ್ಲಬೇಕು. ನಡಿ ಮೀರಜಿಗೆ."

ಮೊದಲೇ ಹೇಳಿದ್ದೆ ಎಂದು ಕಿರುಚಬೇಕೆನಿಸಿತು. ಫೇಟಾ ಕಣ್ಣಿಗೆ ಬರುತ್ತಿದ್ದಾಗ, ಊರೆಲ್ಲ ಕೇಳುವ ಹಾಗೆ ಹೇಳಿದ್ದೆ! ಆದರೆ ಅವಳ ಕೈ ಹಿಡಿದುಕೊಂಡೆ. ನಮ್ಮ ಮನೆಯಲ್ಲಿ ಯಾರೂ ಎತ್ತದ ಮಾತನ್ನು ಅವಳು ನನ್ನ ಚಿತ್ರ ನೋಡಿ ಎತ್ತಿದ್ದಳು. ನನ್ನ ಚಿತ್ರಗಳನ್ನು ಅಷ್ಟು ಸರಿಯಾಗಿ ಓದಿದವರು ಮುಂಬಯಿಯಲ್ಲಿ ಒಬ್ಬರೂ ಇರಲಿಲ್ಲ.

ಮೀರಜಿನಲ್ಲಿ ಸರ್ಜನ್ ಹುಣ್ಣು ನೋಡಿ ನನ್ನ ಕಡೆ ನೋಡಿದರು. ಸ್ವಲ್ಪ ಮೊದಲು ಬಂದಿದ್ದರೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೈಯಲ್ಲಿ ಶಕ್ತಿ ಇಲ್ಲ, ಮೊದಲು ಉಣಿಸಿ ಎಂದರು. ಕೆಲವು ವಾರ ಹಾಲು, ಮೊಟ್ಟೆ, ಗಂಜಿ ಎಂದು ಅವಳ ಹಿಂದೆ ಬಿದ್ದು ಉಣಿಸಿದೆ. ರಜೆ ಮುಗಿದು ಮುಂಬಯಿಯಿಂದ ತಂತಿಯ ಮೇಲೆ ತಂತಿ ಬಂದರೂ ಹೋಗಲಿಲ್ಲ. ಕೊನೆಗೆ ಆಪರೇಷನ್ನಿನ ದಿನ ಮುಂಜಾನೆಯಿಂದ ಏನೂ ತಿನ್ನಬಾರದು, 'ನೀರನ್ನೂ ಕುಡೀಬ್ಯಾಡ್ರಿ' ಎಂದು ನರ್ಸ್ ಹೇಳಿ ಹೋದಳು. ಆತ್ಯಾ ಸ್ಟ್ರೆಚರಿನ ಮೇಲಿಂದಲೇ ನನಗೆ ಕಣ್ಣು ಮಿಟುಕಿಸಿ, "ನೋಡಿದೇನು, ನಿಮ್ಮ ಡಾಕ್ಟರೂ ಉಪವಾಸ ಹಾಕ್ಯಾರ" ಎಂದಳು. ಅವಳು ಪೂರ್ತಿ ಬಾಯಿಯಿಂದ ನನ್ನೊಡನೆ ಆಡಿದ ಕೊನೆಯ ಮಾತು ಅದು. ಕೆಳದವಡೆಯ ಅರ್ಧವನ್ನು ತೆಗೆಯಬೇಕಾಯಿತು.

ತುಣುಕು ತೆಗೆದುಕೊಳ್ಳಲೇ ಎಂದು ಅವಳನ್ನು ಮೊದಲೇ ಕೇಳಿದ್ದೆ. "ತಗೋ, ಅದನ್ನ ಇಟ್ಟಕೊಂಡ ನಾ ಏನ ಮಾಡಲಿ" ಎಂದಿದ್ದಳು. ಎಂದಿನಂತೆ ಹೊರಗೆ ಚೂರು ಬಂತು. ಎಂದಿನಂತೆ ಕತ್ತರಿಸಿದೆ. ಕೈ ನಡುಗಲಿಲ್ಲ, ಅದಕ್ಕೇ ನನ್ನ ಮೇಲೆ ನನಗೆ ಸಿಟ್ಟು ಬಂತು. ತಿಂಗಳುಗಳ ನಂತರ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಜೀವಕೋಶಗಳ ತುಂಬ ದುಂಡಗಿನ ಚೀಲಗಳು. ಬೇರೆಯವರ ತುಣುಕುಗಳಲ್ಲಿ ಕಾಣುವುದಕ್ಕಿಂತ ಬಹಳ ಹೆಚ್ಚು. ಒಂದೇ ಮಾದರಿಯಿಂದ ಏನನ್ನೂ ಹೇಳಬಾರದು ಎಂದು ನನ್ನ ವಿದ್ಯಾರ್ಥಿಗಳಿಗೆ ನಾನೇ ಹೇಳುತ್ತೇನೆ, ಆ ಚಿತ್ರವನ್ನು ಎಲ್ಲಿಯೂ ಅಚ್ಚು ಮಾಡಿಸಲಿಲ್ಲ. ಆದರೆ ಆತ್ಯಾಳ ಉಪವಾಸದಲ್ಲಿ ಸೊರಗಿದ್ದು ಆತ್ಯಾ, ಗಡ್ಡೆಯಲ್ಲ ಎಂದು ನನ್ನ ಮಟ್ಟಿಗೆ ನನಗೆ ತಿಳಿದಿದೆ.

ಅವಳು ಇನ್ನೊಂದು ದೀಪಾವಳಿ ಕಂಡಳು. ಮಾತು ಅಸ್ಪಷ್ಟವಾಗಿತ್ತು, ನೀರು ಕುಡಿದರೆ ಒಂದು ಕಡೆಯಿಂದ ಸೋರುತ್ತಿತ್ತು. ಆದರೂ ಆ ಒಂದು ವರ್ಷ ಅವಳು ಉಂಡಂತೆ ಜೀವಮಾನದಲ್ಲಿ ಉಂಡಿರಲಿಲ್ಲ. ಸಜ್ಜಿಗೆಯ ಶಿರಾ, ನುರಿದ ಅನ್ನ ಹಾಲು, ಹಣ್ಣಾದ ಬಾಳೆ. ಊರಿಗೆ ಹೋದಾಗ ನಾನೇ ತುತ್ತು ಮಾಡಿ ತಿನ್ನಿಸುತ್ತಿದ್ದೆ. ಆಗಲೂ ಅವಳು, ತುಪ್ಪ ಕಡಿಮೆಯಾಯಿತು ಎಂದು ಕೈಸನ್ನೆಯಲ್ಲೇ ಬೈಯುತ್ತಿದ್ದಳು. ಆಮೇಲೆ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಅಲ್ಲಿಂದ ಮುಂದೆ ಬಹಳ ದಿನ ಹಿಡಿಯಲಿಲ್ಲ.

ಮಣ್ಣು ಮಾಡಿದ ಮೇಲೆ ಮನೆಗೆ ಜನ ಬಂದು ಹೋಗುತ್ತಿದ್ದರು. ವಖಾರದ ಹೆಂಗಸರು ಪಡಸಾಲೆಯ ಗೋಡೆಗೆ ಸಾಲಾಗಿ ಕೂತಿದ್ದರು. ಶೇಡಬಾಳದಿಂದ ಹೆಡ್ ಮಾಸ್ತರರು ಆ ವಯಸ್ಸಿನಲ್ಲಿ ಎರಡು ಬಸ್ಸು ಬದಲಿಸಿ ಬಂದರು. ನನ್ನ ಪಕ್ಕ ಕೂತರು. ಅವರ ಕಣ್ಣುಗಳು ನಿಜವಾಗಿಯೂ ಒದ್ದೆಯಾಗಿದ್ದವು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು, ಎಲ್ಲರಿಗೂ ಕೇಳುವಂತೆ, ಆದರೆ ತುಂಬ ಮೃದುವಾಗಿ ಹೇಳಿದರು.

"ಮನಸಿಗೆ ಹಚ್ಚಿಕೋಬ್ಯಾಡ ತಂಗಿ. ನಿನ್ನ ಸಂಶೋಧನಾ ಸುಳ್ಳಲ್ಲ. ಉಪವಾಸ ಅರ್ಧಕ್ಕ ಬಿಡಿಸಿದ್ದಕ್ಕ ಹಿಂಗಾತು. ಊರೆಲ್ಲಾ ನಂಬಿತ್ತು ನೋಡು, ನೀ ಒಬ್ಬಾಕಿನ ನಂಬಲಿಲ್ಲ."